ಶನಿವಾರ ಸಂಜೆ ಹನ್ನೊಂದು ಜನ: ನಮ್ಮೂರ ಬ್ಯಾಂಡ್‌ಗಳಿಗೆ ಕೇಳುಗರು ಏನು ಮಾಡಬಹುದು?

ಹನುಮಂತನಗರದ ಕೇಳುಗ

ಹೋದ ಶನಿವಾರ ಕೋರಮಂಗಲದಲ್ಲಿ ಒಂದು ಗಿಗ್‌ಗೆ ಹೋಗಿದ್ದೆ. ಮೂರು ಬ್ಯಾಂಡ್, 300 ರೂಪಾಯಿ ಟಿಕೆಟ್. ಏಳೂವರೆಗೆ ಮೊದಲ ಬ್ಯಾಂಡ್ ಶುರು ಮಾಡಿದಾಗ ಎದುರಿಗೆ ನಿಂತಿದ್ದವರು ಹನ್ನೊಂದು ಜನ. ಎಣಿಸಿಯೇ ಹೇಳುತ್ತಿದ್ದೇನೆ. ಅದರಲ್ಲೂ ಐದು ಜನ ಆಮೇಲೆ ನುಡಿಸಬೇಕಿದ್ದ ಬ್ಯಾಂಡಿನವರು.

ಹಾಡುತ್ತಿದ್ದ ಹೆಣ್ಣುಮಗಳಿಗೆ ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿರಬಹುದು. ನಾಲ್ಕನೆಯದು ಕನ್ನಡದ ಹಾಡು, ಅವರೇ ಬರೆದದ್ದು. ರಾಜಕಾಲುವೆ ಉಕ್ಕಿ ನೀರು ಮನೆಯೊಳಗೆ ಬಂದ ರಾತ್ರಿ, ಅಜ್ಜಿಯನ್ನು ಮಂಚದ ಸಮೇತ ಎತ್ತಿ ಊಟದ ಮೇಜಿನ ಮೇಲಿಟ್ಟ ಕಥೆ. ಕೊನೆಯಲ್ಲಿ ಡ್ರಮ್ಸ್ ನಿಂತುಹೋಗಿ, ಗಿಟಾರಿನ ಒಂದೇ ತಂತಿ ಸೂರಿನಿಂದ ನೀರು ತೊಟ್ಟಿಕ್ಕಿದ ಹಾಗೆ ಕೇಳುತ್ತಿತ್ತು. ಮೈ ಜುಂ ಅಂದಿತು. ಹಾಡು ಮುಗಿದಾಗ ಯಾರ ಚಪ್ಪಾಳೆ ಯಾವುದು ಅಂತ ಗುರುತು ಹಿಡಿಯಬಹುದಿತ್ತು, ಅಷ್ಟೇ ಜನ.

ಆಮೇಲೆ ಅವರೇ ಕೂತು ಕೇಬಲ್ ಸುತ್ತುತ್ತಿದ್ದರು. ಹೋಗಿ ಕೇಳಿದೆ, ಈ ಹಾಡು ಎಲ್ಲಿ ಸಿಗುತ್ತದೆ ಅಂತ. "ಇನ್ನೂ ರೆಕಾರ್ಡ್ ಮಾಡಿಲ್ಲ ಸರ್, ದುಡ್ಡು ಕೂಡಿಡುತ್ತಿದ್ದೇವೆ" ಅಂದರು. ಮನೆಗೆ ಬಂದ ಮೇಲೂ ಆ ಹಾಡು ತಲೆಯಿಂದ ಹೋಗಲಿಲ್ಲ. ನೆನಪಿರುವ ಎರಡು ಸಾಲು ಬಿಟ್ಟರೆ ಅದು ಎಲ್ಲೂ ಇಲ್ಲ.

ನನಗೆ ವಾದ್ಯ ಬರುವುದಿಲ್ಲ. ಬರೀ ಕೇಳುತ್ತೇನೆ. ನಿಮ್ಮಲ್ಲಿ ನುಡಿಸುವವರು, ಗಿಗ್ ಮಾಡಿಸುವವರು ಇದ್ದೀರಿ. ನನ್ನಂಥವರು ಏನು ಮಾಡಿದರೆ ನಿಜವಾಗಿ ಉಪಯೋಗ ಆಗುತ್ತದೆ? ಪೋಸ್ಟರ್ ಶೇರ್ ಮಾಡುವುದು ಬಿಟ್ಟು ಬೇರೆ ಏನಾದರೂ ಹೇಳಿ.

ನಾಲ್ಕು ತಂತಿ

ನಾನು ಬೇಸ್ ಗಿಟಾರ್ ನುಡಿಸುತ್ತೇನೆ, ಎಂಟು ವರ್ಷದಿಂದ. ನಮ್ಮ ಬ್ಯಾಂಡಿನ ಹೋದ ತಿಂಗಳ ಲೆಕ್ಕ ಮುಚ್ಚುಮರೆ ಇಲ್ಲದೆ ಇಡುತ್ತೇನೆ.

ಗಿಗ್‌ಗೆ 60 ಟಿಕೆಟ್ ಹೋಯಿತು, ತಲಾ 300. ಒಟ್ಟು 18,000. ಜಾಗದವರ ಪಾಲು ನೂರಕ್ಕೆ 40, ಅಂದರೆ 7,200. ಸೌಂಡ್‌ಗೆ 3,000. ಉಳಿದ 7,800 ಮೂರು ಬ್ಯಾಂಡಿಗೆ ಹಂಚಿ ನಮಗೆ ಬಂದದ್ದು 2,600. ಅದಕ್ಕೂ ಮುಂಚೆ ನಾಲ್ಕು ಸಲ ಪ್ರಾಕ್ಟೀಸ್, ಸಲಕ್ಕೆ ಮೂರು ಗಂಟೆ, ಜಾಮ್ ಪ್ಯಾಡ್ (ಪ್ರಾಕ್ಟೀಸ್ ಕೋಣೆ) ಬಾಡಿಗೆ ಗಂಟೆಗೆ 500. ಅಲ್ಲಿಗೆ 6,000. ಆಂಪ್ (ಗಿಟಾರಿನ ಸದ್ದು ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ), ಸಿಂಬಲ್ ಸಾಗಿಸಲು ಗೂಡ್ಸ್ ಆಟೋ, ಹೋಗಿಬರಲು 900. ಕೈಯಿಂದ ಹೋದದ್ದು 4,300. ಊಟದ ಲೆಕ್ಕ ಸೇರಿಸಿಲ್ಲ.

ಇದನ್ನು ಗೋಳು ಅಂತ ಹೇಳುತ್ತಿಲ್ಲ. ನಾಲ್ಕೂ ಜನಕ್ಕೆ ಕೆಲಸ ಇದೆ, ಗೊತ್ತಿದ್ದೇ ಇಳಿದಿದ್ದೇವೆ. ಆದರೆ ನೀವು ನೋಡಿದ ಹುಡುಗರಿಗೆ ಕೆಲಸ ಇರಲಿಕ್ಕಿಲ್ಲ. ಅವರು ಎರಡು ವರ್ಷ ಹೀಗೆ ಕೈಯಿಂದ ಹಾಕಿ ಆಮೇಲೆ ನಿಲ್ಲಿಸಿಬಿಡುತ್ತಾರೆ. ಹಾಗೆ ನಿಂತುಹೋದ ಎಷ್ಟೋ ಒಳ್ಳೆಯ ಬ್ಯಾಂಡ್‌ಗಳನ್ನು ನಾನು ನೋಡಿದ್ದೇನೆ. ಒಂದು ಪಬ್‌ನವರು ನಮಗೇ ಕೊಡಬೇಕಾದ ದುಡ್ಡಿಗೆ ಆರು ತಿಂಗಳು "ಅಕೌಂಟ್ಸ್‌ನವರಿಗೆ ಹೇಳಿದ್ದೀನಿ" ಅಂತ ಸತಾಯಿಸಿ ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟರು.

ನಿಮ್ಮ ಪ್ರಶ್ನೆಗೆ ಉತ್ತರ: ಬೇಗ ಬನ್ನಿ. ಏಳೂವರೆಗೆ ಮ್ಯಾನೇಜರ್ ಬಾಗಿಲ ಹತ್ತಿರ ನಿಂತು ತಲೆ ಎಣಿಸುತ್ತಿರುತ್ತಾನೆ. ಆ ಹೊತ್ತಿಗೆ ಮೂವತ್ತು ತಲೆ ಕಂಡರೆ ಆ ಬ್ಯಾಂಡಿಗೆ ಮುಂದಿನ ತಿಂಗಳೂ ಒಂದು ದಿನ ಸಿಗುತ್ತದೆ. ಒಂಬತ್ತೂವರೆಗೆ ಬಂದು ಕೊನೆಯ ಬ್ಯಾಂಡ್ ಮಾತ್ರ ಕೇಳಿದರೆ ಮೊದಲನೆಯವರ ಪಾಲಿಗೆ ನೀವು ಬಂದೇ ಇಲ್ಲ. ಗೆಸ್ಟ್ ಲಿಸ್ಟ್‌ನಲ್ಲಿ ಹೆಸರು ಹಾಕಿಸು ಅಂತ ಗೆಳೆಯರು ಕೇಳುವುದೂ ನಿಲ್ಲಬೇಕು. ನಮ್ಮವರೇ ಟಿಕೆಟ್ ತಗೊಳ್ಳದಿದ್ದರೆ ಇನ್ಯಾರು ತಗೊಳ್ಳುತ್ತಾರೆ?

ಚಾಮರಾಜಪೇಟೆ ಹಳಬ

ಈ ಊರಿಗೆ ಸಂಗೀತ ಸಾಕುವುದು ಹೊಸದಲ್ಲ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿ ಶುರುವಾದದ್ದು 1939ರಲ್ಲಿ. ಚಪ್ಪರದೊಳಗೆ ಟಿಕೆಟ್ ತಗೊಂಡವರು, ಹೊರಗೆ ರಸ್ತೆ ಬದಿ ಪೇಪರ್ ಹಾಸಿಕೊಂಡು ಕೂತವರು. ನಮ್ಮ ತಂದೆ ಹೊರಗೆ ಕೂತೇ ದೊಡ್ಡ ದೊಡ್ಡವರನ್ನೆಲ್ಲ ಕೇಳಿದರು. ಕೆಲಸ ಸಿಕ್ಕ ಮೇಲೆ ಸೀಸನ್ ಟಿಕೆಟ್ ತಗೊಂಡು ಒಳಗೆ ಕೂತರು. ಹೊರಗೆ ಕೂತ ಋಣ ತೀರಿಸಬೇಕು ಅನ್ನುತ್ತಿದ್ದರು.

ಗಣೇಶನ ಹಬ್ಬದ ಆರ್ಕೆಸ್ಟ್ರಾ ಬೇರೆ ಥರ. ಬೀದಿಯವರೆಲ್ಲ ಚಂದಾ ಎತ್ತಿ ಕರೆಸುತ್ತಿದ್ದೆವು. ಕೀಬೋರ್ಡ್, ರಿದಂ ಪ್ಯಾಡ್ ಕಲಿತ ಎಷ್ಟೋ ಹುಡುಗರಿಗೆ ಅದೇ ಮೊದಲ ವೇದಿಕೆ. ಆದರೆ ಅಲ್ಲಿ ಸಿನಿಮಾ ಹಾಡೇ ಆಗಬೇಕು. ಯಾರಾದರೂ ಸ್ವಂತ ಹಾಡು ಶುರು ಮಾಡಿದರೆ "ಅಣ್ಣಾವ್ರ ಹಾಡು ಹಾಕಿ ಗುರೂ" ಅಂತ ಕೂಗು ಬೀಳುತ್ತಿತ್ತು. ನಾನೂ ಕೂಗಿದ್ದೇನೆ. ಈಗ ಅದಕ್ಕೆ ಬೇಜಾರಿದೆ. ಗೊತ್ತಿಲ್ಲದ ಹಾಡನ್ನು ಸುಮ್ಮನೆ ನಿಂತು ಕೇಳುವ ಅಭ್ಯಾಸ ನಮಗೆ ಕಡಿಮೆ. ಸ್ವಂತ ಹಾಡು ಕಟ್ಟುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅದೇ.

ಬೇಗ ಫಲ ಬರಲಿಲ್ಲ ಅಂತ ಈಗಿನ ಹುಡುಗರು ಸೋಲಬಾರದು. ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಲ್ಲಿ ಇಲ್ಲೇ ಹುಟ್ಟಿದ ಬ್ಯಾಂಡ್. 2012ರಲ್ಲಿ ಅವರು ಹೊರತಂದ ಮೂರು ಸಿ.ಡಿ.ಗಳ ಆಲ್ಬಂಗೆ ನಮ್ಮ ಆಟೋವೇ ಸ್ಫೂರ್ತಿ. ಕ್ರಿಪ್ಟೋಸ್ ಬ್ಯಾಂಡ್ ಶುರುವಾದದ್ದು 1998ರಲ್ಲಿ. ಜರ್ಮನಿಯ ವಾಕೆನ್ ಸಂಗೀತ ಉತ್ಸವದಲ್ಲಿ ಅವರು ನುಡಿಸಿದ್ದು 2013ರಲ್ಲಿ. ನಡುವೆ ಹದಿನೈದು ವರ್ಷ. ರಘು ದೀಕ್ಷಿತ್ ಶರೀಫಜ್ಜನ ಪದಗಳನ್ನು ಗಿಟಾರ್ ಹಿಡಿದು ಹಾಡಿ, ಮೊದಲ ಆಲ್ಬಂ ಬರುವ ಹೊತ್ತಿಗೆ 2008 ಆಗಿತ್ತು. ಸ್ವರಾತ್ಮ ಬ್ಯಾಂಡಿನವರು ಕೀಲುಕುದುರೆ ಕಟ್ಟಿಕೊಂಡು ವೇದಿಕೆಗೆ ಬರುವುದನ್ನು ನೋಡಿ ನನ್ನ ಮೊಮ್ಮಗ ಕುಣಿದಿದ್ದ. ಇವರೆಲ್ಲರ ಎದುರಿಗೂ ಒಂದು ದಿನ ಹನ್ನೊಂದೇ ಜನ ಇದ್ದಿರಬೇಕು. ಆ ಹನ್ನೊಂದು ಜನ ಮರುವಾರವೂ ಬಂದರು.

ಆರ್.ಆರ್. ನಗರ

ನನ್ನ ಮಾತು ಕೆಲವರಿಗೆ ಇಷ್ಟ ಆಗಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಈ ವರ್ಷ ಎರಡು ಗಿಗ್‌ಗೆ ಹೋದೆ. ಎರಡೂ ಒಂದು ಗಂಟೆ ತಡ. ಹಾಡಿನ ಒಂದು ಪದವೂ ಕಿವಿಗೆ ಬೀಳಲಿಲ್ಲ, ಬರೀ ಡ್ರಮ್ಸ್ ಮತ್ತು ಕಿರಿಚುವ ಗಿಟಾರ್. ವಾಪಸ್ ಬರಲು ಕ್ಯಾಬ್‌ಗೆ 700 ಕೊಟ್ಟೆ. ನಮ್ಮೂರವರು ಅನ್ನೋ ಒಂದೇ ಕಾರಣಕ್ಕೆ ಎಷ್ಟು ಸಲ ಹೋಗಬೇಕು? ಪದ ಕೇಳಿಸಿದರೆ ನಾನೇ ಮೊದಲು ಬರುತ್ತೇನೆ. ನನಗೆ ಹಾಡೆಂದರೆ ಮಾತು.

ಮಿಕ್ಸರ್ ಹಿಂದೆ

ಆರ್.ಆರ್. ನಗರದವರೇ, ನಿಮ್ಮ ಮಾತು ಸರಿ. ಸೌಂಡ್ ಮಾಡುವುದೇ ನನ್ನ ಕೆಲಸ, ಹಾಗಾಗಿ ಕಾರಣ ಹೇಳುತ್ತೇನೆ.

ಸಣ್ಣ ಜಾಗ, ತಗ್ಗು ಸೀಲಿಂಗ್, ಎರಡು ಕಡೆ ಗಾಜು. ಡ್ರಮ್ಸ್‌ಗೆ ಮೈಕ್ ಇಡದೆಯೇ ಕೋಣೆ ತುಂಬುತ್ತದೆ. ಅದರ ಮೇಲೆ ತನ್ನದು ತನಗೆ ಕೇಳಬೇಕು ಅಂತ ಗಿಟಾರಿಸ್ಟ್ ಆಂಪ್ ಜೋರು ಮಾಡುತ್ತಾನೆ. ಆಂಪ್ ನೆಲದ ಮೇಲೆ, ಅವನ ಮೊಣಕಾಲಿಗೆ ಮುಖ ಮಾಡಿ ಇರುತ್ತದೆ. ಅವನ ಕಿವಿಗೆ ಬೀಳುವುದಿಲ್ಲ, ಎದುರಿಗೆ ನಿಂತವರ ಕಿವಿಗೆ ನೇರ ಹೊಡೆಯುತ್ತದೆ. ಆಗ ದನಿ ಮೇಲೆ ತರಲು ನಾನು ಮಿಕ್ಸರ್‌ನಲ್ಲಿ ಹಾಡುವವರ ಮೈಕ್ ಜೋರು ಮಾಡಿದರೆ ಕುಂಯ್ ಅಂತ ಫೀಡ್‌ಬ್ಯಾಕ್. ದನಿ ಕೆಳಗೇ ಉಳಿಯುತ್ತದೆ.

ಮೊನ್ನೆ ಒಬ್ಬ ಹುಡುಗನಿಗೆ ಆಂಪ್ ಅನ್ನು ಖಾಲಿ ಬಿಯರ್ ಕ್ರೇಟ್ ಮೇಲಿಟ್ಟು, ಹಿಂದಕ್ಕೆ ಸ್ವಲ್ಪ ವಾಲಿಸಿ, ಮುಖ ಅವನ ಕಿವಿಯ ಕಡೆಗೆ ಮಾಡಲು ಹೇಳಿದೆ. ಐದಿದ್ದ ವಾಲ್ಯೂಮ್ ಅನ್ನು ಅವನೇ ಮೂರಕ್ಕೆ ಇಳಿಸಿದ. ಡ್ರಮ್ಮರ್ ತೆಳು ಸ್ಟಿಕ್ ತಗೊಂಡ. ಹಿಂದಿನ ಗಾಜಿಗೆ ಒಂದು ದಪ್ಪ ಜಮಖಾನ ಇಳಿಬಿಟ್ಟೆವು. ಎರಡನೇ ಹಾಡಿನಿಂದ ಪ್ರತಿ ಪದ ಕೇಳಿಸಿತು. ಒಂದು ರೂಪಾಯಿ ಖರ್ಚಾಗಲಿಲ್ಲ. ಇದಕ್ಕೆ ಬೇಕಾದದ್ದು ಹದಿನೈದು ನಿಮಿಷದ ಸೌಂಡ್ ಚೆಕ್. ಮೂರು ಬ್ಯಾಂಡ್ ಇದ್ದ ದಿನ ಮೊದಲು ನುಡಿಸುವವರಿಗೆ ಆ ಹದಿನೈದು ನಿಮಿಷವೇ ಸಿಗುವುದಿಲ್ಲ. ಹೊಸಬರಿಗೆ ಸದಾ ಹೀಗೇ ಆಗುತ್ತದೆ, ಇದು ಅನ್ಯಾಯ.

ಇನ್ನೊಂದು ವಿಷಯ. ಮನುಷ್ಯರ ಮೈ, ಬಟ್ಟೆ ಶಬ್ದವನ್ನು ಹೀರಿಕೊಳ್ಳುತ್ತವೆ. ಖಾಲಿ ಕೋಣೆಯಲ್ಲಿ ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಪದಗಳನ್ನು ನುಂಗುತ್ತದೆ. ಐವತ್ತು ಜನ ನಿಂತರೆ ಅದೇ ಕೋಣೆ, ಅದೇ ಸ್ಪೀಕರ್, ದನಿ ಎಷ್ಟೋ ತಿಳಿಯಾಗುತ್ತದೆ.

ಪರವಾನಗಿ ನೋಡಿದವನು

ಜಾಗಗಳು ಯಾಕೆ ಕಡಿಮೆ ಅನ್ನುವುದಕ್ಕೆ ಒಂದು ಹಿನ್ನೆಲೆ ಇದೆ. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪೊಲೀಸ್ ಲೈಸೆನ್ಸ್ ಬೇಕು ಅನ್ನುವ 2005ರ ಆದೇಶ ಇಲ್ಲಿದೆ. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವರ್ಷವೇ ಲೈಸೆನ್ಸ್ ಇಲ್ಲದ ಕಡೆ ಲೈವ್ ಸಂಗೀತ ನಿಲ್ಲಿಸಲು ಪೊಲೀಸರು ಹೇಳಿದರು. ಕಾಗದಪತ್ರಗಳಲ್ಲಿ, ಕಟ್ಟಡವನ್ನು ನಕ್ಷೆಯಂತೆ ಕಟ್ಟಿದ್ದಾರೆ, ಬಳಸಬಹುದು ಅಂತ ಕೊಡುವ ಆಕ್ಯುಪೆನ್ಸಿ ಸರ್ಟಿಫಿಕೇಟ್ ಕೂಡ ಬೇಕು. ಹಳೆಯ ಮನೆಯನ್ನೇ ಪಬ್ ಮಾಡಿಕೊಂಡವರು ಅದನ್ನು ಎಲ್ಲಿಂದ ತರಬೇಕು? 2013ರಲ್ಲಿ ಶುರುವಾದ ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು. ಅಲ್ಲಿ ಮೊದಲ ಸಲ ವೇದಿಕೆ ಹತ್ತಿದ ಎಷ್ಟೋ ಬ್ಯಾಂಡ್‌ಗಳಿವೆ. ಅಂಥ ಜಾಗ ಒಂದು ಹೋದರೆ ಕಟ್ಟಲು ಮತ್ತೆ ಹತ್ತು ವರ್ಷ ಬೇಕು.

ಗಿಗ್ ಮಾಡಿಸುವವರಿಗೆ ಇನ್ನೆರಡು ವಿಷಯ. ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಉಳಿದ ಹೊತ್ತಿನಲ್ಲೂ ಅನುಮತಿ ಬೇಕು. ಮತ್ತೆ, ತಲಾ 500 ರೂಪಾಯಿವರೆಗಿನ ಸಂಗೀತ ಕಾರ್ಯಕ್ರಮದ ಟಿಕೆಟ್‌ಗೆ ಜಿ.ಎಸ್.ಟಿ. ಇಲ್ಲ, ದಾಟಿದರೆ ನೂರಕ್ಕೆ 18. ಸಣ್ಣ ಗಿಗ್‌ಗಳ ಟಿಕೆಟ್ 499ಕ್ಕೆ ನಿಲ್ಲುವುದು ಅದಕ್ಕೇ.

ಬೆಸುಗೆ

ನನಗೆ ಬರುವುದು ಬೆಸುಗೆ ಹಾಕುವುದು. ಅದನ್ನೇ ಕೊಡುತ್ತೇನೆ.

ಗಿಗ್ ಮಧ್ಯೆ ಗಿಟಾರ್ ಬರ್ ಬರ್ ಅಂದು ಸತ್ತುಹೋಗುತ್ತದಲ್ಲ, ಬಹಳ ಸಲ ಅದು ಗಿಟಾರಿನ ತಪ್ಪಲ್ಲ, ಕೇಬಲ್‌ದು. ಜ್ಯಾಕ್‌ನ ಮುಚ್ಚಳ ತಿರುಗಿಸಿ ತೆಗೆಯಿರಿ. ಒಳಗೆ ನಡುವಿನ ತಂತಿ ಒಂದು ಕಡೆ, ಸುತ್ತಲಿನ ಜಾಲರಿ ಇನ್ನೊಂದು ಕಡೆ ಅಂಟಿರುತ್ತದೆ. ಕೇಬಲ್ ತುಳಿದು ಎಳೆದು ಜಾಲರಿಯ ಎಳೆಗಳು ಒಂದೊಂದೇ ಕಿತ್ತುಬಂದಿರುತ್ತವೆ. ಎರಡು ಸೆಂಟಿಮೀಟರ್ ಕತ್ತರಿಸಿ, ಹೊಸದಾಗಿ ಸುಲಿದು, ಎಳೆಗಳನ್ನು ಹೊಸೆದು, ಮೊದಲು ಸೀಸ ಹತ್ತಿಸಿ ಆಮೇಲೆ ಕೂಡಿಸಬೇಕು. ಬೆಸುಗೆ ಆರಿದಾಗ ಹೊಳೆಯಬೇಕು. ಮಂಕಾಗಿ ಗಂಟು ಕಟ್ಟಿದರೆ ಮತ್ತೆ ಮಾಡಿ, ಅದು ನಿಲ್ಲುವುದಿಲ್ಲ. ಒಳ್ಳೆಯ ಜ್ಯಾಕ್, ಮೀಟರ್ ಲೆಕ್ಕದ ಕೇಬಲ್ ಎರಡೂ ಎಸ್.ಪಿ. ರೋಡ್‌ನಲ್ಲಿ ಸಿಗುತ್ತವೆ. ಯಾವ ಬ್ಯಾಂಡ್ ಬೇಕಾದರೂ ಸಾಮಾನು ತನ್ನಿ, ಭಾನುವಾರ ಬೆಳಗ್ಗೆ ಕೂತು ನಾನೇ ಮಾಡಿಕೊಡುತ್ತೇನೆ, ನಿಮಗೂ ಕಲಿಸುತ್ತೇನೆ. ಕೂಲಿ ಬೇಡ.

ಕೇಳುಗರಿಗೆ ಒಂದು ಮಾತು: ಟೀ ಶರ್ಟ್ ಕೊಳ್ಳಿ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಲ್ಪಡದಿದ್ದರೆ ಅದಕ್ಕೆ ಬಿಡಿಗಾಸೂ ಇಲ್ಲ. ಬ್ಯಾಂಡ್‌ಗಳು ಹಾಡನ್ನು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ವೆಬ್‌ಸೈಟ್ ಒಳ್ಳೆಯದೇ, ಡಿಜಿಟಲ್ ಮಾರಾಟದಲ್ಲಿ ನೂರಕ್ಕೆ 15 ಮಾತ್ರ ಇಟ್ಟುಕೊಳ್ಳುತ್ತದೆ. ಆದರೆ ಅಲ್ಲಿಂದ ಬ್ಯಾಂಡಿಗೆ ದುಡ್ಡು ಬರುವುದು ಪೇಪಾಲ್ ಮೂಲಕ, ಪೇಪಾಲ್ 2021ರ ಏಪ್ರಿಲ್‌ನಿಂದ ದೇಶದೊಳಗಿನ ಪಾವತಿ ನಿಲ್ಲಿಸಿದೆ. ಜರ್ಮನಿಯಲ್ಲಿ ಕೂತವರು ಪೇಪಾಲ್‌ನಲ್ಲಿ ನಮ್ಮ ಹುಡುಗರಿಗೆ ದುಡ್ಡು ಕಳಿಸಬಹುದು, ಜಯನಗರದಲ್ಲಿ ಕೂತವರಿಗೆ ಆಗಲ್ಲ! ಹಾಗಾಗಿ ಗಿಗ್‌ನಲ್ಲಿ ಟೀ ಶರ್ಟ್ ಮಾರುವ ಮೇಜಿನ ಮೇಲಿನ ಯು.ಪಿ.ಐ. ಕೋಡ್ ದೊಡ್ಡದು. ಕೊಟ್ಟದ್ದು ಪೂರ್ತಿ ಬ್ಯಾಂಡಿಗೆ ಸೇರುತ್ತದೆ.

ನಾಲ್ಕು ತಂತಿ

ಬೆಸುಗೆಯವರೇ, ಭಾನುವಾರ ಮೂರು ಕೇಬಲ್ ಹಿಡಿದುಕೊಂಡು ಬರುತ್ತಿದ್ದೇನೆ.

ಹಾಡು ಬರೆಯುವ ಹುಡುಗರು ಐ.ಪಿ.ಆರ್.ಎಸ್.ನಲ್ಲಿ ಸದಸ್ಯರಾಗಿ, ಹಾಡುಗಳನ್ನು ನೋಂದಾಯಿಸಿ. ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿ ಸಂಗ್ರಹಿಸಿ ಕೊಡುವ, 1969ರಿಂದ ಇರುವ ಸಂಸ್ಥೆ. 2012ರ ಕಾಪಿರೈಟ್ ತಿದ್ದುಪಡಿ ಆದ ಮೇಲೆ ಬರೆದವರ, ರಾಗ ಹಾಕಿದವರ ರಾಯಲ್ಟಿ ಹಕ್ಕಿಗೆ ಬಲ ಬಂದಿದೆ. ಒಂದು ಸಂಜೆಯ ಕೆಲಸ. ನಾವು ಐದು ವರ್ಷ ಸೋಮಾರಿತನ ಮಾಡಿ ಕಳೆದುಕೊಂಡೆವು.

ಮಲ್ಲೇಶ್ವರದ ಅಮ್ಮ

ಇಷ್ಟು ಹೊತ್ತು ಓದುತ್ತಿದ್ದೆ. ಒಂದು ವಿಷಯ ಯಾರೂ ಎತ್ತಲಿಲ್ಲ.

ನನ್ನ ಮಗಳಿಗೆ ಹದಿನಾಲ್ಕು. ಎರಡು ವರ್ಷದಿಂದ ಡ್ರಮ್ಸ್ ಕಲಿಯುತ್ತಿದ್ದಾಳೆ. ಅವಳು ಇವತ್ತಿನವರೆಗೆ ಒಂದೇ ಒಂದು ಬ್ಯಾಂಡನ್ನೂ ಎದುರಿಗೆ ನಿಂತು ನೋಡಿಲ್ಲ. ಗಿಗ್‌ಗಳೆಲ್ಲ ಪಬ್‌ನಲ್ಲಿ. ಬಾಗಿಲಲ್ಲೇ ವಯಸ್ಸು ಕೇಳುತ್ತಾರೆ, 21 ಆಗಿರಬೇಕು. ಅಂದರೆ ಅವಳು ಇನ್ನೂ ಏಳು ವರ್ಷ ಫೋನಿನಲ್ಲೇ ನೋಡಬೇಕು. ಹಳಬರೇ, ನೀವು ಅಪ್ಪನ ಜೊತೆ ಕೋಟೆ ಮೈದಾನಕ್ಕೆ ಹೋಗಿದ್ದಿರಲ್ವಾ? ನನ್ನ ಮಗಳನ್ನು ನಾನು ಎಲ್ಲಿಗೆ ಕರೆದುಕೊಂಡು ಹೋಗಲಿ?

ನನಗೂ ಕಷ್ಟವೇ. ರಾತ್ರಿ ಹನ್ನೊಂದಕ್ಕೆ ಒಬ್ಬಳೇ ವಾಪಸ್ ಬರುವ ಯೋಚನೆಗೇ ಎಷ್ಟೋ ಸಲ ಟಿಕೆಟ್ ತಗೊಳ್ಳದೆ ಬಿಟ್ಟಿದ್ದೇನೆ. ಭಾನುವಾರ ಸಂಜೆ ನಾಲ್ಕಕ್ಕೆ ಶುರುವಾಗಿ ಏಳಕ್ಕೆ ಮುಗಿಯುವ ಒಂದು ಗಿಗ್ ಮಾಡಿ. ನಮ್ಮಂಥ ಹೆಂಗಸರು, ಮಕ್ಕಳು, ವಯಸ್ಸಾದವರು ಎಷ್ಟು ಜನ ಬರುತ್ತಾರೆ ನೋಡಿ.

ಜಾಗ ಇಲ್ಲ ಅಂದರೆ ನಮ್ಮ ಮಹಡಿ ಇದೆ. ಹಳೇ ಮನೆ, ಮೇಲೆ ಅರ್ಧಕ್ಕೆ ಶೀಟ್ ಹಾಕಿಸಿದ್ದೇವೆ. ನಲವತ್ತು ಜನ ಕೂರಬಹುದು. ಹಪ್ಪಳ ಒಣಗಿಸುವ ಕಾಲ ಮುಗಿದಿದೆ.

ಹನುಮಂತನಗರದ ಕೇಳುಗ

ಮೇಡಂ, ನಿಮ್ಮ ಮಾತು ಓದಿ ಎದ್ದು ಕೂತೆ. ಆ ಬ್ಯಾಂಡಿನವರನ್ನು ಇನ್‌ಸ್ಟಾಗ್ರಾಂನಲ್ಲಿ ಹುಡುಕಿ ಮಾತಾಡಿದ್ದೇನೆ. ಅವರು ತಯಾರಿದ್ದಾರೆ. ಧ್ವನಿವರ್ಧಕ ಬೇಡ, ಮೈಕ್ ಬೇಡ. ಅಕೂಸ್ಟಿಕ್ ಗಿಟಾರ್, ಡ್ರಮ್ಸ್ ಬದಲು ಕಹೋನ್ (ಮೇಲೆ ಕೂತು ಕೈಯಿಂದ ಬಡಿಯುವ ಮರದ ಪೆಟ್ಟಿಗೆ), ಬರೀ ಬಾಯಿ. ಮಿಕ್ಸರ್ ಹಿಂದೆಯವರೇ, ಶೀಟ್ ಕೆಳಗೆ ಎಲ್ಲಿ ಕೂರಿಸಬೇಕು ಅಂತ ನೀವು ಒಮ್ಮೆ ಬಂದು ನೋಡುತ್ತೀರಾ?

ಮಿಕ್ಸರ್ ಹಿಂದೆ

ಬರುತ್ತೇನೆ. ತಗಡಿನ ಶೀಟ್ ಆದರೆ ಜಮಖಾನ, ಹಳೇ ಕಂಬಳಿ ಎಷ್ಟಿದ್ದರೂ ತನ್ನಿ. ಹಾಡುವವರ ಬೆನ್ನಿಗೆ ಗೋಡೆ ಇರಲಿ.

ಹನುಮಂತನಗರದ ಕೇಳುಗ (ಮೂರು ವಾರದ ನಂತರ)

ನಿನ್ನೆ ಆಯಿತು. ಬರೆಯದೆ ಇರಲು ಆಗುತ್ತಿಲ್ಲ.

ಮೂವತ್ತನಾಲ್ಕು ಜನ ಬಂದಿದ್ದರು. ಮೇಡಂ ಎರಡು ದಿನ ಮುಂಚೆಯೇ ಅಕ್ಕಪಕ್ಕದ ನಾಲ್ಕು ಮನೆಗೆ ಹೋಗಿ ಹೇಳಿ ಬಂದಿದ್ದರು, ಹಾಗಾಗಿ ತಕರಾರಿಗೆ ಬದಲು ಆ ಮನೆಗಳಿಂದಲೇ ಒಂಬತ್ತು ಜನ ಬಂದರು. ಚಪ್ಪಲಿಗಳು ಮೆಟ್ಟಿಲ ಕೊನೆಯವರೆಗೂ ಇದ್ದವು. ನಾಲ್ಕು ಗಂಟೆ ಅಂದರೆ ನಾಲ್ಕಕ್ಕೇ ಶುರುವಾಯಿತು. ಆರ್.ಆರ್. ನಗರದವರು ಮೊದಲ ಸಾಲಿನಲ್ಲಿ ಕೂತಿದ್ದರು, ಮೆಟ್ರೋದಲ್ಲಿ ಬಂದರಂತೆ.

ರಾಜಕಾಲುವೆ ಹಾಡು ಬಂದಾಗ ಪಕ್ಕದ ಮನೆಯ ಅಜ್ಜಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು ಕೂತರು. ಮಂಚ ಎತ್ತಿ ಇಡುವ ಸಾಲು ಬಂದಾಗ ಅವರ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಹಾಡು ಮುಗಿದ ಮೇಲೆ ಒಂದು ನಿಮಿಷ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಜ್ಜಿಯೇ ಕೇಳಿದರು, "ಆಮೇಲೆ ನಿಮ್ಮಜ್ಜಿಗೆ ಏನಾಯ್ತು ಮಗಾ?" ಹಾಡಿದವರು ನಕ್ಕು, "ಚೆನ್ನಾಗಿದಾರೆ ಅಜ್ಜಿ, ಈಗಲೂ ಅದೇ ಮಂಚ" ಅಂದರು. ಆಗ ಬಿತ್ತು ಚಪ್ಪಾಳೆ.

ಬಾಗಿಲ ಹತ್ತಿರ ಒಂದು ಬೋರ್ನ್‌ವಿಟಾ ಡಬ್ಬ, ಪಕ್ಕದಲ್ಲಿ ಬ್ಯಾಂಡಿನ ಯು.ಪಿ.ಐ. ಕೋಡ್. ನಾಲ್ಕು ತಂತಿಯವರು ನೋಡಿಕೊಂಡರು. ಇಷ್ಟು ಕೊಡಿ ಅಂತ ಯಾರಿಗೂ ಹೇಳಲಿಲ್ಲ. ಎರಡೂ ಸೇರಿ 9,150 ಆಗಿದೆ. ಸ್ಟುಡಿಯೋದಲ್ಲಿ ಒಂದು ದಿನಕ್ಕೆ ಅಡ್ವಾನ್ಸ್ ಕೊಡಲು ಸಾಕು. ಮುಂದಿನ ಸೋಮವಾರ ಅವರು ಆ ಹಾಡಿನ ಡ್ರಮ್ಸ್ ರೆಕಾರ್ಡ್ ಮಾಡುತ್ತಿದ್ದಾರೆ.

ಮುಂದಿನದು ಎಲ್ಲಿ? ನಮ್ಮ ಮನೆ ಮೇಲೆ ಟ್ಯಾಂಕ್ ಬಿಟ್ಟರೆ ಇಪ್ಪತ್ತೇ ಜನಕ್ಕೆ ಜಾಗ. ಗಿರಿನಗರ, ಬನಶಂಕರಿ ಕಡೆ ಯಾರಿಗಾದರೂ ದೊಡ್ಡ ಮಹಡಿ ಇದೆಯಾ?

ಮಲ್ಲೇಶ್ವರದ ಅಮ್ಮ

ಬ್ಯಾಂಡಿನವರಿಗೆ ತಿಳಿಸಿ, ಕಹೋನ್ ಇಲ್ಲೇ ಬಿಟ್ಟು ಹೋಗಿದ್ದಾರೆ. ಬೆಳಗ್ಗೆಯಿಂದ ಮಗಳು ಅದರ ಮೇಲೆ ಕೂತವಳು ಎದ್ದಿಲ್ಲ. ಸೋಮವಾರದೊಳಗೆ ತಲುಪಿಸುತ್ತೇನೆ.

ಹನುಮಂತನಗರದ ಕೇಳುಗ

ಅವರನ್ನು ಕೇಳಿದೆ ಮೇಡಂ. ರೆಕಾರ್ಡಿಂಗ್‌ಗೆ ಅದು ಬೇಡವಂತೆ, ಮುಂದಿನ ಗಿಗ್‌ವರೆಗೆ ಅವಳ ಹತ್ತಿರವೇ ಇರಲಿ ಅಂದರು.